ಡೊಂಬಿವಲಿಯಿಂದ ಮಾಟುಂಗಾಕ್ಕೆ: ಕರುಳಿನ ಕಾಯಿಲೆಯ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಈ ಬರಹದ ವಿದ್ಯಾರ್ಥಿನಿ ಮುಂಬಯಿಯ ಮಾಟುಂಗಾ ಭಾಗದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ನಾನು ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಪ್ರತಿ ಅಧ್ಯಾಪಕರಿಗೆ ಇಪ್ಪತ್ತೈದು ಮೂವತ್ತು ವಿದ್ಯಾರ್ಥಿಗಳನ್ನು ಹಂಚಿ, ಅವರ ಕಷ್ಟಸುಖ ವಿಚಾರಿಸಬೇಕೆಂದು ಹೇಳಿ ಒಂದು ಫೈಲು ಕೊಡುವ ಪದ್ಧತಿ ನಮ್ಮಲ್ಲಿತ್ತು. ಹಾಗೆ ನನ್ನ ಪಾಲಿಗೆ ಬಂದ ಫೈಲಿನಲ್ಲಿ ಆಕೆಯ ಹೆಸರೂ ಇತ್ತು. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ, ಬರೆದದ್ದನ್ನು ಆಕೆಗೇ ಓದಲು ಕೊಟ್ಟು, ಒಪ್ಪಿಗೆ ಪಡೆದಿದ್ದೇನೆ. ಆಕೆ ತಿದ್ದಿದ್ದು ಒಂದೇ ಕಡೆ. ‘ಎರಡು ವರ್ಷ ನರಳಿದಳು’ ಎಂದು ನಾನು ಬರೆದಿದ್ದನ್ನು ಹೊಡೆದುಹಾಕಿ ‘ಎರಡು ವರ್ಷ ಓಡಾಡಿದಳು’ ಎಂದು ಮಾಡಿದಳು. ಆ ತಿದ್ದುಪಡಿ ಸರಿಯಾದದ್ದೇ. ಆಕೆಯ ಕಾಯಿಲೆಗೆ ಔಷಧವಿತ್ತು, ಅದು ಔಷಧಕ್ಕೆ ಬಗ್ಗಿತು ಕೂಡ. ಬಗ್ಗದೆ ನಿಂತದ್ದು ಬೆಳಗ್ಗೆ ಐದರಿಂದ ಸಂಜೆ ಐದರವರೆಗಿನ ದಿನಚರಿ; ಮತ್ತು ಆ ದಿನಚರಿಯನ್ನು ಬಾಯಿಬಿಟ್ಟು ಹೇಳಲಾಗದ ಸಂಕೋಚ.

ಪ್ರಯೋಗಾಲಯದಲ್ಲಿ ನಾನು ಕಂಡದ್ದು

ನನ್ನ ತಪ್ಪಿನಿಂದಲೇ ಆರಂಭಿಸುವುದು ನ್ಯಾಯ. ಎರಡನೆಯ ವರ್ಷದ, ಮುಂಬಯಿಯ ಮಾತಿನಲ್ಲಿ ಹೇಳುವುದಾದರೆ ಎಸ್.ವೈ.ಯ, ಜುಲೈ ತಿಂಗಳ ಪ್ರಾಕ್ಟಿಕಲ್‌ನಲ್ಲಿ ಪೊಟ್ಯಾಷಿಯಂ ಪರ್ಮ್ಯಾಂಗನೇಟನ್ನು ಆಕ್ಸಾಲಿಕ್ ಆಮ್ಲದ ವಿರುದ್ಧ ಟೈಟ್ರೇಟ್ ಮಾಡುವ, ಅಂದರೆ ಒಂದಕ್ಕೆ ಇನ್ನೊಂದು ಎಷ್ಟು ಬೇಕೆಂದು ಅಳೆಯುವ, ಪ್ರಯೋಗವಿತ್ತು. ಶಂಕುವಿನಾಕಾರದ ಫ್ಲಾಸ್ಕಿನಲ್ಲಿರುವ ಆಮ್ಲವನ್ನು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಿಕೊಂಡು, ಬಿಸಿ ಇರುವಾಗಲೇ ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ನೇರಳೆ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಫ್ಲಾಸ್ಕು ಆರಿತೆಂದರೆ ಕ್ರಿಯೆ ನಿಧಾನವಾಗುತ್ತದೆ, ಬಣ್ಣ ಬೇಗನೆ ಮಾಸುವುದಿಲ್ಲ, ಮುಗಿಯುವ ಬಿಂದು ಬಂತೆಂದು ಕೈ ಮೋಸಹೋಗುತ್ತದೆ. ಆಕೆ ಮೂರು ಗಂಟೆಯ ಅವಧಿಯಲ್ಲಿ ನಾಲ್ಕು ಬಾರಿ ಹೊರಗೆ ಹೋದಳು. ಪ್ರತಿ ಸಲವೂ ಬಿಸಿ ಮಾಡಿಟ್ಟ ಫ್ಲಾಸ್ಕು ಆರಿತು. ಆಕೆಯ ಮೂರು ರೀಡಿಂಗುಗಳಲ್ಲಿ ಒಂದು ಇನ್ನೊಂದಕ್ಕೆ ಹೊಂದಲಿಲ್ಲ. ಐದನೆಯ ಸಲ ಬಾಗಿಲ ಬಳಿ ಬಂದು ನಿಂತು “ಮೇಡಂ” ಎಂದಾಗ ನಾನು, ಇಡೀ ಬ್ಯಾಚು ಕೇಳುವಂತೆ, ಇನ್ನೊಮ್ಮೆ ಹೋಗುವುದಾದರೆ ಜರ್ನಲ್ ಎತ್ತಿಕೊಂಡೇ ಹೋಗು ಎಂದೆ. ಆಕೆ ಜರ್ನಲ್ ಎತ್ತಿಕೊಂಡೇ ಹೋದಳು. ಮುಂದಿನ ಎರಡು ಪ್ರಾಕ್ಟಿಕಲ್‌ಗಳಿಗೆ ಬರಲಿಲ್ಲ. ಹಟಮಾರಿ ಹುಡುಗಿ ಎಂದು ನಾನು ತೀರ್ಮಾನಿಸಿದೆ.

ಆ ತೀರ್ಮಾನಕ್ಕೆ ಹಾಜರಿ ಪುಸ್ತಕದ ಬೆಂಬಲವೂ ಇತ್ತು. ಮುಂಬಯಿ ವಿಶ್ವವಿದ್ಯಾಲಯದ ನಿಯಮದಂತೆ 75 ಶೇಕಡಾ ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸದಿರಬಹುದು. ಕಾಲೇಜುಗಳು ತಿಂಗಳಿಗೊಮ್ಮೆ ಕಡಿಮೆ ಹಾಜರಿಯವರ ಹೆಸರುಗಳನ್ನು ಫಲಕಕ್ಕೆ ಹಚ್ಚುತ್ತವೆ, ಅದಕ್ಕೆ ಡಿಫಾಲ್ಟರ್ ಲಿಸ್ಟ್ ಎಂದೇ ಹೆಸರು, ಸಾಲ ತೀರಿಸದವರ ಪಟ್ಟಿಯ ಹಾಗೆ. ಆಗಸ್ಟಿನ ಪಟ್ಟಿಯಲ್ಲಿ ಆಕೆಯ ಹಾಜರಿ 52 ಶೇಕಡಾ ಇತ್ತು. ವಿವರ ನೋಡಿದರೆ ಬೆಳಗ್ಗೆ ಎಂಟರ ಮೊದಲ ಎರಡು ತರಗತಿಗಳಲ್ಲೇ ಗೈರುಹಾಜರಿಯ ಬಹುಪಾಲು ಇತ್ತು. ಹನ್ನೊಂದರ ನಂತರದ ತರಗತಿಗಳನ್ನು ಆಕೆ ಹೆಚ್ಚುಕಡಿಮೆ ತಪ್ಪಿಸಿಯೇ ಇರಲಿಲ್ಲ. ತರಗತಿ ತಪ್ಪಿಸಿ ತಿರುಗುವ ಹುಡುಗರು ಸಾಮಾನ್ಯವಾಗಿ ಮಧ್ಯಾಹ್ನ ಮಾಯವಾಗುತ್ತಾರೆ, ಬೆಳಗ್ಗೆಯಲ್ಲ. ಅಷ್ಟನ್ನು ನಾನು ಆಗಲೇ ಗಮನಿಸಬೇಕಿತ್ತು, ಗಮನಿಸಲಿಲ್ಲ.

ಮನೆ

ತಂದೆ ಕುಂದಾಪುರ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಹೋಟೆಲ್ ಹುಡುಗರಿಗಾಗಿ ನಡೆದ ಈ ರಾತ್ರಿ ಶಾಲೆಗಳು ಮುಂಬಯಿ ಕನ್ನಡಿಗರ ಒಂದು ತಲೆಮಾರನ್ನೇ ಬೆಳೆಸಿವೆ. ಅಲ್ಲಿ ಓದಿದವರಿಗೆ ತರಗತಿ ತಪ್ಪಿಸುವುದು ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಈಗ ಅವರು ದಾದರ್ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಾರೆ. ನಸುಕಿನ ಗಾಡಿಗೆ ಹೋದರೆ ಬರುವುದು ರಾತ್ರಿ ಹತ್ತಕ್ಕೆ. ಮನೆ ಡೊಂಬಿವಲಿ ಪೂರ್ವದಲ್ಲಿ, ಒಂದು ಮಲಗುವ ಕೋಣೆಯ ಫ್ಲ್ಯಾಟು. ತಂದೆ, ತಾಯಿ, ಅಜ್ಜಿ, ತಮ್ಮ, ಆಕೆ, ಹೀಗೆ ಐದು ಜನಕ್ಕೆ ಕಕ್ಕಸು ಒಂದು. ಈ ಒಂದು ಎಂಬ ಸಂಖ್ಯೆ ಮುಂದೆ ಹಲವು ಸಲ ಬರುತ್ತದೆ.

ಕಾಯಿಲೆ ಮತ್ತು ಅದರ ಹೆಸರು

ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ಮಲದಲ್ಲಿ ರಕ್ತ ಕಾಣಿಸಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ತಾಯಿಗೆ ಹೇಳಿದಾಗ, ಉಷ್ಣವಾಗಿದೆ, ಮೂಲವ್ಯಾಧಿಯೂ ಇರಬಹುದು ಎಂದುಕೊಂಡು ಅಜ್ಜಿಯ ಸಲಹೆಯಂತೆ ದಾಳಿಂಬೆ ಸಿಪ್ಪೆಯ ಪುಡಿಯನ್ನು ಮಜ್ಜಿಗೆಯಲ್ಲಿ, ಊರಿನಿಂದ ತರಿಸಿದ ಕೊಡಸಿಗೆ ತೊಗಟೆಯ ಕಷಾಯವನ್ನು ಬರಿಹೊಟ್ಟೆಗೆ ಕೊಟ್ಟರು. ಆಮೇಲೆ ಬಡಾವಣೆಯ ವೈದ್ಯರು ಆಮಶಂಕೆ ಎಂದು ಐದು ತಿಂಗಳಲ್ಲಿ ಮೂರು ಸಲ ಮೆಟ್ರೊನಿಡಜೋಲ್ ಬರೆದರು. ನೀರು ಕೆಡುವ ಮಳೆಗಾಲದ ಊರಿನಲ್ಲಿ ಆ ಊಹೆ ತಪ್ಪೆನ್ನಲಾಗದು, ಮೊದಲ ಸಲದ ಮಟ್ಟಿಗೆ. ಆದರೆ ಆಕೆ ರಾತ್ರಿ ಎರಡು ಗಂಟೆಗೆ, ಮತ್ತೆ ನಾಲ್ಕಕ್ಕೆ, ನಿದ್ದೆಯಿಂದ ಎದ್ದು ಓಡುತ್ತಿದ್ದಳು. ಬರಿಯ ಅಂಜಿಕೆಯಿಂದಲೋ ಒತ್ತಡದಿಂದಲೋ ಕೆಡುವ ಹೊಟ್ಟೆ ಸಾಮಾನ್ಯವಾಗಿ ನಿದ್ದೆಗೆಡಿಸುವುದಿಲ್ಲ. ರಾತ್ರಿ ಎಬ್ಬಿಸುವ ಭೇದಿ ಮತ್ತು ರಕ್ತ ಎರಡೂ ಸೇರಿದರೆ ಕರುಳಿನ ಒಳಗೇ ನೋಡಬೇಕಾಗುತ್ತದೆ. ಅದನ್ನು ಹೇಳಿದವರು ಮುನಿಸಿಪಾಲಿಟಿಯ ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದ ಒಬ್ಬ ಎಳೆಯ ವೈದ್ಯೆ. ಮೊದಲ ವರ್ಷದ ಜನವರಿಯಲ್ಲಿ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಗೆ ನೋಡುವ ಕೊಲೊನೊಸ್ಕೋಪಿ ಆಯಿತು, ಒಳಪದರದ ಚೂರನ್ನು ಬಯಾಪ್ಸಿಗೆ ಕಳಿಸಿದರು, ಅಲ್ಸರೇಟಿವ್ ಕೊಲೈಟಿಸ್ ಎಂದು ಖಚಿತವಾಯಿತು.

ಇದು ದೊಡ್ಡಕರುಳಿನ ಒಳಪದರದ ದೀರ್ಘಕಾಲದ ಉರಿಯೂತ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಪದರದ ಮೇಲೆ ತಿರುಗಿಬೀಳುತ್ತದೆ. ಯಾಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ, ವಂಶವಾಹಿ, ಕರುಳಿನ ಸೂಕ್ಷ್ಮಜೀವಿಗಳು, ಪರಿಸರ ಎಲ್ಲವೂ ಸೇರಿಕೊಳ್ಳುತ್ತವೆ. ಉರಿಯೂತ ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಎಡೆಬಿಡದೆ ಹರಡುತ್ತದೆ. ಇದರ ಸೋದರನಂತಿರುವ ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ತೇಪೆ ತೇಪೆಯಾಗಿ ಕಾಣಿಸಿಕೊಳ್ಳಬಹುದು ಮತ್ತು ನಮ್ಮ ದೇಶದಲ್ಲಿ ಅದನ್ನು ಕರುಳಿನ ಕ್ಷಯದಿಂದ ಬೇರ್ಪಡಿಸಿ ಗುರುತಿಸುವುದೇ ವೈದ್ಯರಿಗೆ ದೊಡ್ಡ ತಲೆನೋವು. ಎರಡೂ ಕಾಯಿಲೆಗಳು ಹೆಚ್ಚಾಗಿ ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ, ಅಂದರೆ ಕಾಲೇಜು ಮತ್ತು ಮೊದಲ ನೌಕರಿಯ ಕಾಲದಲ್ಲಿ, ತಲೆ ಎತ್ತುತ್ತವೆ. ಕಾಯಿಲೆ ಏರುತ್ತದೆ, ಇಳಿಯುತ್ತದೆ. ಮೆಟ್ರೊನಿಡಜೋಲ್ ಕೊಟ್ಟಾಗಲೆಲ್ಲ ವಾಸಿಯಾದಂತೆ ತೋರಿದ್ದಕ್ಕೆ ಈ ಏರಿಳಿತವೇ ಕಾರಣವಾಗಿದ್ದೀತು.

ಈ ಪ್ರಕರಣ ಅರ್ಥವಾಗಬೇಕಾದರೆ ಒಂದು ಲಕ್ಷಣವನ್ನು ಬಿಡಿಸಿ ಹೇಳಬೇಕು. ಆರೋಗ್ಯವಂತರ ಗುದನಾಳ ಹಿಗ್ಗಬಲ್ಲದು. ಹೋಗಬೇಕೆನ್ನಿಸಿದ ಮೇಲೂ ಅರ್ಧ ಗಂಟೆ, ಒಂದು ಗಂಟೆ ತಡೆಯಬಲ್ಲದು. ಊದಿಕೊಂಡ ಗುದನಾಳ ಹಿಗ್ಗುವುದಿಲ್ಲ. ಸ್ವಲ್ಪವೇ ಬಂದರೂ ಅದು ತುಂಬಿದಂತೆ ಒತ್ತುತ್ತದೆ, ಬರೇ ಲೋಳೆ ಮತ್ತು ರಕ್ತ ಇದ್ದರೂ ಒತ್ತುತ್ತದೆ. ಹೋಗಬೇಕೆನ್ನಿಸುವುದಕ್ಕೂ ಹೋಗಲೇಬೇಕಾಗುವುದಕ್ಕೂ ನಡುವೆ ಆಕೆಗೆ ಸಿಗುತ್ತಿದ್ದದ್ದು ಮೂರು ನಾಲ್ಕು ನಿಮಿಷ. ಮನಸ್ಸು ಗಟ್ಟಿ ಮಾಡಿಕೊಂಡರೆ ಹೆಚ್ಚಾಗುವಂಥ ಕಾಲವಲ್ಲ ಅದು.

ಚಿಕಿತ್ಸೆ ಶಾಸ್ತ್ರಪ್ರಕಾರ ನಡೆಯಿತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡು, 40 ಮಿಲಿಗ್ರಾಂನಿಂದ ಆರಂಭಿಸಿ ವಾರಕ್ಕೆ 5ರಂತೆ ಇಳಿಸುತ್ತ ಎಂಟು ವಾರ. ಜೊತೆಗೆ ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ದಿನಕ್ಕೆ 4.8 ಗ್ರಾಂ, 1.2 ಗ್ರಾಮಿನ ನಾಲ್ಕು ಮಾತ್ರೆ. ರಾತ್ರಿ ಮಲಗುವಾಗ ಅದೇ ಔಷಧದ ಎನಿಮಾ, ಅಂದರೆ ಗುದದ ಮೂಲಕ ಒಳಬಿಡುವ ದ್ರವ. ಮಾರ್ಚ್ ಹೊತ್ತಿಗೆ ರಕ್ತ ನಿಂತಿತು. ಸ್ಟೀರಾಯ್ಡಿನಿಂದ ಮುಖ ದುಂಡಗಾಗಿ ಕೆನ್ನೆ ಉಬ್ಬಿದಾಗ ಅಜ್ಜಿ, ಅಂತೂ ಹುಡುಗಿ ಮೈಕೈ ತುಂಬಿಕೊಂಡಳು ಎಂದು ದೃಷ್ಟಿ ತೆಗೆದರಂತೆ.

ಮೇ ತಿಂಗಳಿಗೆ ಆಕೆ ಮಾತ್ರೆ ಬಿಟ್ಟಳು. ಗುಣ ಕಂಡ ಮೇಲೆ ಮೆಸಲಮೈನ್ ಬಿಟ್ಟವರಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ಈ ರೋಗದ ವೈದ್ಯರೆಲ್ಲ ಬಲ್ಲ ಮಾತು, ಆಕೆಗೂ ಆಸ್ಪತ್ರೆಯಲ್ಲಿ ಹೇಳಿದ್ದರು. ಹಾಗಾದರೆ ಬಿಟ್ಟದ್ದು ಯಾಕೆ? ನಾನು ಕೆದಕಿದಾಗ ಎರಡು ಕಾರಣಗಳು ಸಿಕ್ಕವು, ಎರಡೂ ಉದಾಸೀನಕ್ಕೆ ಸಂಬಂಧಿಸಿದವಲ್ಲ. ಮೊದಲನೆಯದು ಹೆಸರು. ‘ಅಲ್ಸರೇಟಿವ್’ ಎಂದು ಚೀಟಿಯಲ್ಲಿದ್ದದ್ದು ಮನೆ ಮುಟ್ಟುವಾಗ ‘ಅಲ್ಸರ್’ ಆಯಿತು. ಅಲ್ಸರ್ ಎಂದರೆ ಹೋಟೆಲ್ ಕೆಲಸದವರಿಗೆ ತೀರ ಪರಿಚಿತ ವಸ್ತು: ಹೊತ್ತಿಗೆ ಸರಿಯಾಗಿ ಉಣ್ಣದೆ, ಖಾಲಿ ಹೊಟ್ಟೆಗೆ ಚಹಾ ಸುರಿದುಕೊಂಡವರಿಗೆ ಬರುವ ಹೊಟ್ಟೆಯುರಿ, ಹದಿನೈದು ದಿನದ ಮಾತ್ರೆಗೆ ಹೋಗುವಂಥದ್ದು. ರಕ್ತದ ಸಂಗತಿಯನ್ನು ತಾಯಿ ಮಗಳು ಇಬ್ಬರೂ ತಂದೆಗೆ ಹೇಳಿರಲಿಲ್ಲ. ಆದ್ದರಿಂದ ವಾಸಿಯಾದ ಅಲ್ಸರಿಗೆ ನಾಲ್ಕು ತಿಂಗಳಿಂದ ಯಾತಕ್ಕೆ ಮಾತ್ರೆ, ಇಷ್ಟು ಮಾತ್ರೆ ತಿಂದರೆ ಕಿಡ್ನಿ ಉಳಿದೀತೇ ಎಂದು ತಂದೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಯಿತು. ಎರಡನೆಯದು ಎನಿಮಾ. ಅದನ್ನು ಹಾಕಿಕೊಂಡು ಎಡಮಗ್ಗುಲಿಗೆ ಅರ್ಧ ಗಂಟೆಯಾದರೂ ಅಲುಗಾಡದೆ ಮಲಗಬೇಕು. ಹಾಲ್‌ನಲ್ಲಿ ತಮ್ಮ, ಅಜ್ಜಿ ಮತ್ತು ಆಕೆ ಸಾಲಾಗಿ ಹಾಸಿಗೆ ಹಾಸುವ ಮನೆಯಲ್ಲಿ, ಹತ್ತಕ್ಕೆ ಬಂದ ತಂದೆ ಹನ್ನೊಂದರವರೆಗೆ ಟಿವಿ ನೋಡುವಾಗ, ಇದನ್ನು ಯಾವಾಗ ಹಾಕಿಕೊಳ್ಳಬೇಕು ಎಂಬ ಅಂಕಣ ಆಸ್ಪತ್ರೆಯ ಚೀಟಿಯಲ್ಲಿರಲಿಲ್ಲ.

ಜುಲೈಯಲ್ಲಿ ರಕ್ತ ಮತ್ತೆ ಬಂತು. ನನ್ನ ಪ್ರಯೋಗಾಲಯದಲ್ಲಿ ಫ್ಲಾಸ್ಕು ಆರಿದ್ದು ಆಗಲೇ.

ಗಾಡಿ

ಡೊಂಬಿವಲಿಯಿಂದ ಮಾಟುಂಗಾಕ್ಕೆ 35 ಕಿಲೋಮೀಟರಿಗೂ ಹೆಚ್ಚು ದೂರ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ ಹಾದಿಯೇ ಮುಂದೆ ಬೆಳೆದು ಡೊಂಬಿವಲಿ, ಕಲ್ಯಾಣ ದಾಟಿದೆ. ಇಲ್ಲಿ ಓಡುವ ಲೋಕಲ್ ಗಾಡಿಗಳಲ್ಲಿ ಶೌಚಾಲಯವಿಲ್ಲ. ಮೂರು ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲುವ ಗಾಡಿಗೆ ಅದರ ಅಗತ್ಯವಿಲ್ಲವೆಂಬುದು ಸಾಮಾನ್ಯ ಶರೀರದ ಲೆಕ್ಕ. ಆಕೆಯ ಲೆಕ್ಕ ಬೇರೆ. ಫಾಸ್ಟ್ ಗಾಡಿ ಹಿಡಿದು ದಾದರಿನಲ್ಲಿ ಇಳಿದು ಒಂದು ನಿಲ್ದಾಣ ಹಿಂದಕ್ಕೆ ಬಂದರೆ ಸಮಯ ಉಳಿಯುತ್ತದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಹೆಚ್ಚಿನ ಫಾಸ್ಟ್ ಗಾಡಿಗಳು ಡೊಂಬಿವಲಿ ಬಿಟ್ಟರೆ ಠಾಣೆಯವರೆಗೆ ಕಾಲು ಗಂಟೆ ನಿಲ್ಲುವುದಿಲ್ಲ. ಕೈಯಲ್ಲಿ ಮೂರು ನಿಮಿಷ ಇರುವವಳಿಗೆ ಕಾಲು ಗಂಟೆ ಎಂದರೆ ಬಾಗಿಲು ಮುಚ್ಚಿದ ಕೋಣೆ. ಹಾಗಾಗಿ ಆಕೆ ಸ್ಲೋ ಗಾಡಿ ಹಿಡಿಯುತ್ತಿದ್ದಳು.

ಲೇಡೀಸ್ ಡಬ್ಬದ ಬಾಗಿಲ ಬಳಿಯೇ ನಿಲ್ಲುತ್ತಿದ್ದಳು, ಒಳಗೆ ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಬೆಳಗಿನ ಹೊತ್ತು ಬಾಗಿಲಿನಿಂದ ಎರಡು ಹೆಜ್ಜೆ ಒಳಸೇರಿದರೆ ಹೊರಬರುವುದು ಸುಲಭವಲ್ಲ ಎಂಬುದು ಆ ಲೈನಿನವರಿಗೆ ಗೊತ್ತು. ಠಾಣೆ, ಮುಲುಂಡ್, ಘಾಟ್‌ಕೋಪರ್, ಕುರ್ಲಾ, ಈ ನಾಲ್ಕರಲ್ಲಿ ಮಹಿಳೆಯರ ಶೌಚಾಲಯ ಯಾವ ಪ್ಲಾಟ್‌ಫಾರ್ಮಿನ ಯಾವ ತುದಿಗಿದೆ, ಯಾವುದು ಏಳಕ್ಕೆ ಮುಂಚೆ ತೆರೆಯುವುದಿಲ್ಲ, ಯಾವುದರ ಚಿಲಕ ಕಿತ್ತಿದೆ, ಎಲ್ಲಿ ನೀರಿಲ್ಲದೆ ಬಾಟಲಿ ಒಯ್ಯಬೇಕು, ಎಲ್ಲಿ ಚಿಲ್ಲರೆಗಾಗಿ ಜಗಳವಾಗುತ್ತದೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ಗಂಡಸರಿಗೆ ಮೂತ್ರಕ್ಕೆ ಬಿಟ್ಟಿ, ಹೆಂಗಸರಿಗೆ ಹಣ ಎಂಬ ಅನ್ಯಾಯವನ್ನು ಹಿಡಿದು 2011ರಲ್ಲಿ ಮುಂಬಯಿಯಲ್ಲಿ ‘ರೈಟ್ ಟು ಪೀ’ ಎಂಬ ಆಂದೋಲನ ಆರಂಭವಾಗಿತ್ತು. ಅದರ ಹೆಸರು ಕೇಳಿ ನಕ್ಕವರಲ್ಲಿ ನಮ್ಮ ಸ್ಟಾಫ್ ರೂಮಿನವರೂ ಇದ್ದರು ಎಂಬುದನ್ನು ಇಲ್ಲಿ ಸೇರಿಸುತ್ತೇನೆ. ಒಂದೊಂದು ಸಲ ಇಳಿದರೆ ಇಪ್ಪತ್ತು ನಿಮಿಷ ಹೋಗುತ್ತಿತ್ತು. ಎರಡು ಕಡೆ ಇಳಿದರೆ ಎಂಟರ ತರಗತಿ ತಪ್ಪುತ್ತಿತ್ತು. ಹಾಜರಿ ಪುಸ್ತಕದ 52 ಶೇಕಡಾ ಸಿದ್ಧವಾಗುತ್ತಿದ್ದದ್ದು ಹೀಗೆ.

ಇದಕ್ಕೆ ಆಕೆ ಕಂಡುಕೊಂಡ ಉಪಾಯ ಉಪವಾಸ. ರಾತ್ರಿ ಎಂಟರ ನಂತರ ಊಟವಿಲ್ಲ, ಬೆಳಗ್ಗೆ ಒಂದು ಗುಟುಕು ನೀರು, ಕಾಲೇಜಿನಲ್ಲಿ ಏನೂ ಇಲ್ಲ, ಸಂಜೆ ಮನೆಗೆ ಬಂದ ಮೇಲೆ ಗಂಜಿ. ಒಳಗೆ ಏನೂ ಹೋಗದಿದ್ದರೆ ಹೊರಗೆ ಏನೂ ಬರುವುದಿಲ್ಲ ಎಂಬ ತರ್ಕ ಕೇಳುವುದಕ್ಕೆ ಸರಿ. ಉರಿಯೂತದ ಕರುಳಿಗೆ ಅನ್ವಯಿಸುವುದಿಲ್ಲ, ರಕ್ತವೂ ಲೋಳೆಯೂ ಅನ್ನದಿಂದ ಹುಟ್ಟುವಂಥವಲ್ಲ. ಒಂದು ಕಡೆ ರಕ್ತ ಹೋಗುತ್ತ, ಇನ್ನೊಂದು ಕಡೆ ಅನ್ನ ನಿಂತು, ಆಗಸ್ಟ್ ಕೊನೆಗೆ ಹಿಮೋಗ್ಲೋಬಿನ್ 8.4ಕ್ಕೆ ಇಳಿದಿತ್ತು. ಮಾಟುಂಗಾ ನಿಲ್ದಾಣದ ಸೇತುವೆಯ ಮೆಟ್ಟಿಲನ್ನು ಎರಡು ಕಂತಿನಲ್ಲಿ ಹತ್ತುತ್ತಿದ್ದಳು. 2017ರಿಂದ ಆ ನಿಲ್ದಾಣವನ್ನು ಮಹಿಳಾ ಸಿಬ್ಬಂದಿಯೇ ನಡೆಸುತ್ತಿದ್ದಾರೆ. ಅಲ್ಲಿನ ಒಬ್ಬ ಟಿಕೆಟ್ ತಪಾಸಕಿ, ದಿನಾ ಮೆಟ್ಟಿಲ ನಡುವೆ ನಿಂತು ಉಸಿರು ತೆಗೆದುಕೊಳ್ಳುವ ಈ ಹುಡುಗಿಯನ್ನು ಕಂಡು, ಏನು ಮಗಳೇ, ಹುಷಾರಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದ್ದರಂತೆ. ನನಗಿಂತ ಮೊದಲು ಕೇಳಿದವರು ಅವರು.

ಒಂದು ಮಾತುಕತೆ

ಸೆಪ್ಟೆಂಬರಿನಲ್ಲಿ ಡಿಫಾಲ್ಟರ್‌ಗಳಿಂದ ವೈದ್ಯಕೀಯ ಪ್ರಮಾಣಪತ್ರ ಕೇಳಿದಾಗ ಆಕೆ ಬಡಾವಣೆಯ ವೈದ್ಯರಿಂದ ಒಂದು ಚೀಟಿ ತಂದಳು. ‘ಅಕ್ಯೂಟ್ ಗ್ಯಾಸ್ಟ್ರೋಎಂಟರೈಟಿಸ್, ಐದು ದಿನ ವಿಶ್ರಾಂತಿ’ ಎಂದಿತ್ತು, ಅಂದರೆ ದಿಢೀರನೆ ಬಂದ ವಾಂತಿಭೇದಿ. ಎರಡು ತಿಂಗಳ ಗೈರುಹಾಜರಿಗೆ ಐದು ದಿನದ ಚೀಟಿ! ಸುಳ್ಳನ್ನು ಹೊಲಿಯಲೂ ಬಾರದ ಹುಡುಗಿ ಎಂದು ಸಿಟ್ಟಿನಿಂದಲೇ ಕರೆಸಿದೆ. ಆಕೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು. ಫೈಲಿನಲ್ಲಿ ಮಾತೃಭಾಷೆ ಎಂಬ ಕಡೆ ಕನ್ನಡ ಎಂದಿದ್ದನ್ನು ನಾನು ಗಮನಿಸಿದ್ದು ಆ ಕ್ಷಣದಲ್ಲಿ.

“ಊರು ಯಾವುದು ನಿಮ್ಮದು?”

“ಕುಂದಾಪುರ ಕಡೆ, ಮೇಡಂ.”

“ಏನಾಗಿದೆ ಮಗಾ, ಸರಿಯಾಗಿ ಹೇಳು.”

ಸುಮಾರು ಹೊತ್ತು ಸುಮ್ಮನಿದ್ದು, “ತಡಿಲಿಕ್ಕೆ ಆಗುದಿಲ್ಲ ಮೇಡಂ. ರಕ್ತ ಹೋಗ್ತದೆ” ಎಂದಳು.

‘ಕೊಲೈಟಿಸ್’ ಎಂಬ ಶಬ್ದ ಆಕೆಗೆ ಗೊತ್ತಿತ್ತು, ಬೇಕಾದರೆ ಅದರ ವ್ಯಾಖ್ಯೆಯನ್ನೂ ಹೇಳುತ್ತಿದ್ದಳು. ಆದರೆ ಆ ಶಬ್ದ ಪಠ್ಯಪುಸ್ತಕದ್ದು, ಅದರಲ್ಲಿ ಆಕೆ ಇರಲಿಲ್ಲ. ಮನೆಯ ಮಾತಿನಲ್ಲಿ ಇದನ್ನು ಹೇಳುವ ಶಬ್ದಗಳೋ, ಹೇಳಿದ ಕೂಡಲೇ ಎದುರಿನವರು ಮೂಗು ಮುಚ್ಚಿಕೊಳ್ಳುವಂಥವು. ಈ ಎರಡರ ನಡುವೆ ಆಕೆಗೆ ಒಂದೂವರೆ ವರ್ಷ ಬಾಯಿ ಕಟ್ಟಿತ್ತು. ಪ್ರಯೋಗಾಲಯದಲ್ಲಿ ನಾನಾಡಿದ ಮಾತಿಗೆ ಆವತ್ತೇ ಕ್ಷಮೆ ಕೇಳಿದೆ. “ಪರವಾಗಿಲ್ಲ ಮೇಡಂ, ನಿಮಗೆ ಗೊತ್ತಿರಲಿಲ್ಲವಲ್ಲ” ಎಂದಳು. ಗೊತ್ತುಮಾಡಿಕೊಳ್ಳಲೆಂದೇ ನನಗೆ ಫೈಲು ಕೊಟ್ಟಿದ್ದರು.

ಮಾಡಿದ್ದು

ಅದೇ ವಾರ ತಾಯಿಯೊಡನೆ ಆಸ್ಪತ್ರೆಗೆ ಹೋದಳು. ಮತ್ತೆ ಸ್ಟೀರಾಯ್ಡು, ಮೆಸಲಮೈನ್, ರಕ್ತನಾಳದ ಮೂಲಕ ಕಬ್ಬಿಣ. ವರ್ಷದೊಳಗೆ ಎರಡನೆಯ ಸಲ ಸ್ಟೀರಾಯ್ಡು ಬೇಕಾದ್ದರಿಂದ ಅಜಥಯೊಪ್ರಿನ್ ಸೇರಿಸಿದರು. ಇದು ರಕ್ಷಣಾ ವ್ಯವಸ್ಥೆಯನ್ನು ಹತ್ತಿಕ್ಕುವ ಔಷಧ; ಬಿಳಿ ರಕ್ತಕಣಗಳು ಕುಸಿಯಬಹುದಾದ್ದರಿಂದ ಆರಂಭದ ವಾರಗಳಲ್ಲಿ ಪದೇ ಪದೇ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಜ್ವರ ಬಂದರೆ ತಾನಾಗಿ ಮಾತ್ರೆ ನುಂಗದೆ ಆಸ್ಪತ್ರೆಗೆ ಬರಬೇಕು, ಮುಟ್ಟಿನ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಂಥವನ್ನು ತೆಗೆದುಕೊಳ್ಳಬಾರದು, ಅವು ಕರುಳನ್ನು ಕೆರಳಿಸಬಲ್ಲವು ಎಂದೂ ಹೇಳಿದರು. ಕೊನೆಯ ಮಾತು ಆಕೆಗೆ ಹೊಸತು. ಪ್ರತಿ ತಿಂಗಳೂ ಅದನ್ನೇ ನುಂಗುತ್ತಿದ್ದಳು.

ತಂದೆ ಕಾಲೇಜಿಗೆ ಬಂದದ್ದು ಒಂದು ಸೋಮವಾರ ಮಧ್ಯಾಹ್ನ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಊಟದ ಗಿರಾಕಿ ಮುಗಿದ ಮೇಲೆ. ಮಗಳ ಒಪ್ಪಿಗೆ ಪಡೆದು ನಾನೇ ಎಲ್ಲ ಹೇಳಿದೆ: ಇದು ಹೊಟ್ಟೆಯುರಿಯ ಅಲ್ಸರ್ ಅಲ್ಲ, ಮಾತ್ರೆ ವರ್ಷಗಟ್ಟಲೆ ಬೇಕು, ಬಿಟ್ಟರೆ ಹೀಗೇ ಆಗುತ್ತದೆ. ರಕ್ತ ಎಂದಾಗ ಅವರು ಮಗಳ ಕಡೆ ನೋಡಿ, “ನನಗೆ ಯಾಕೆ ಹೇಳಲಿಲ್ಲ?” ಎಂದರು. ಆಕೆ ಕಿಟಕಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ, “ಹೋಟೆಲಿನವನ ಮಗಳಿಗೇ ಹೊಟ್ಟೆ ಕಾಯಿಲೆ ಅಂದ್ರೆ ಜನ ಏನು ಹೇಳಿಯಾರು ಮೇಡಂ?” ಎಂದರು. ತಮಾಷೆ ಮಾಡುತ್ತಿದ್ದಾರೆಂದುಕೊಂಡೆ, ಅಲ್ಲ. ಕಾಯಿಲೆ ಅಂಟುವಂಥದ್ದಲ್ಲ ಎಂದು ಎರಡು ಸಲ ಹೇಳಬೇಕಾಯಿತು.

ಮೂರು ದಿನ ಕಳೆದು ಆಕೆ ಒಂದು ಕಾಗದ ತಂದು ತೋರಿಸಿದಳು. ಹೋಟೆಲಿನ ಹಳೆಯ ಬಿಲ್ಲಿನ ಹಿಂಬದಿ, ತಂದೆಯ ದುಂಡು ಅಕ್ಷರದ ಕನ್ನಡದಲ್ಲಿ, ಡೊಂಬಿವಲಿಯಿಂದ ದಾದರಿನವರೆಗೆ ನಿಲ್ದಾಣದ ಹೆಸರುಗಳು. ಪ್ರತಿಯೊಂದರ ಎದುರಿಗೆ ಹತ್ತಿರದ ಒಂದೋ ಎರಡೋ ಉಡುಪಿ ಹೋಟೆಲು, ಸೇತುವೆಯಿಂದ ಎಷ್ಟು ಹೆಜ್ಜೆ, ಬೆಳಗ್ಗೆ ಎಷ್ಟಕ್ಕೆ ಬಾಗಿಲು ತೆರೆಯುತ್ತದೆ, ಗಲ್ಲೆಯಲ್ಲಿ ಯಾರಿರುತ್ತಾರೆ. ಅಷ್ಟೂ ಜನಕ್ಕೆ ಅವರು ಫೋನು ಮಾಡಿ, ಮಗಳು ಬಂದರೆ ಏನೂ ಕೇಳದೆ ಒಳಗಿನ ಬಾತ್‌ರೂಮ್ ತೋರಿಸಿ ಎಂದಿದ್ದರು. ಕಾರಣ ಏನೆಂದು ಹೇಳಿದ್ದರೋ ಆಕೆಗೆ ಗೊತ್ತಿಲ್ಲ. ನಲವತ್ತು ವರ್ಷದ ಹೋಟೆಲ್ ನಂಟನ್ನು ಹೀಗೆ ಬಳಸಬಹುದೆಂದು ನಮ್ಮ ಯಾವ ಆಪ್ತಸಮಾಲೋಚನಾ ಸಮಿತಿಗೂ ಹೊಳೆಯುತ್ತಿರಲಿಲ್ಲ.

ಕಾಲೇಜಿನ ಕಡೆಯ ಕೆಲಸ ಇದಕ್ಕಿಂತ ಕಷ್ಟವಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಸ್ಥಿತಿಗಳಲ್ಲಿ ಥಲಸೀಮಿಯಾ, ಹೀಮೋಫಿಲಿಯಾ, ಮಲ್ಟಿಪಲ್ ಸ್ಕ್ಲಿರೋಸಿಸ್ ಇವೆ. ಕರುಳಿನ ಉರಿಯೂತ ಇಲ್ಲ. ಪಟ್ಟಿಯಲ್ಲಿದ್ದು 40 ಶೇಕಡಾ ವೈಕಲ್ಯವಿದೆ ಎಂಬ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದ ಹೆಚ್ಚುವರಿ ಕಾಲ ಪಡೆಯುವ ದಾರಿಯಿದೆ. ಪಟ್ಟಿಯಲ್ಲಿ ಇಲ್ಲದವರು ಪ್ರಾಂಶುಪಾಲರ ವಿವೇಚನೆಗೆ ಬಿಟ್ಟವರು. ಸಮಿತಿಯಲ್ಲಿ ಒಬ್ಬರು, ಇವಳಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದರು. ಎಲ್ಲರೂ ಏನನ್ನು ಕೇಳಿಯಾರು, ಕಕ್ಕಸಿಗೆ ಹೋಗುವ ಅನುಮತಿಯನ್ನೇ, ಎಂದು ಕೇಳಿದೆ. ಸಭೆಯಲ್ಲಿ ಆ ಶಬ್ದ ಬಳಸಿದ್ದಕ್ಕೆ ಮುಜುಗರವಾಯಿತೇ ಹೊರತು ಉತ್ತರ ಬರಲಿಲ್ಲ. ಕೊನೆಗೆ ಆದದ್ದು ಇಷ್ಟು: ತರಗತಿಗಳು ಹನ್ನೊಂದಕ್ಕೆ ಆರಂಭವಾಗುವ ಇನ್ನೊಂದು ಡಿವಿಷನ್ನಿಗೆ ವರ್ಗ, ಮಧ್ಯಾಹ್ನದ ಪ್ರಾಕ್ಟಿಕಲ್ ಬ್ಯಾಚು, ಬಾಗಿಲ ಪಕ್ಕದ ಆಸನ, ಕೇಳದೆ ಎದ್ದುಹೋಗುವ ಒಪ್ಪಿಗೆ, ಮತ್ತು ನಮ್ಮ ಮಹಡಿಯ ಸ್ಟಾಫ್ ಶೌಚಾಲಯದ ಒಂದು ಬೀಗದಕೈ. ಪ್ರಯೋಗಾಲಯದ ಅಟೆಂಡರ್ ಆ ಬೀಗದಕೈಗೆ ರಬ್ಬರ್ ಬುರುಡೆಯೊಂದನ್ನು ಕಟ್ಟಿಕೊಟ್ಟರು, ಬ್ಯಾಗಿನಲ್ಲಿ ಹುಡುಕಾಡುವಾಗ ಕೈಗೆ ಬೇಗ ಸಿಗಲಿ ಎಂದು. ಒಂದು ಪೈಸೆಯೂ ಖರ್ಚಾಗದ ಈ ಬದಲಾವಣೆಗಳಿಗೆ ಏಳು ವಾರ ಹಿಡಿಯಿತು.

ಟೈಟ್ರೇಷನ್ನಿಗೆ ಆಕೆಯ ಗೆಳತಿಯೊಬ್ಬಳನ್ನು ಜೋಡಿಯಾಗಿ ಹಾಕಿದೆ. ಆಕೆ ಎದ್ದುಹೋದರೆ ಗೆಳತಿ ಫ್ಲಾಸ್ಕನ್ನು ಬಿಸಿಯಾಗಿ ಇಟ್ಟುಕೊಳ್ಳುತ್ತಿದ್ದಳು. ಕಾಲೇಜಿನಲ್ಲಿ ಕಾಯಿಲೆಯ ಹೆಸರು ಗೊತ್ತಿದ್ದ ಏಕೈಕ ಸಹಪಾಠಿ ಅವಳು.

ಆಗದ್ದು

ಎಲ್ಲವೂ ಕೈಗೂಡಲಿಲ್ಲ. ಪ್ರಯಾಣವೇ ತೊಂದರೆಯಾದರೆ ಪ್ರಯಾಣವನ್ನೇ ತಪ್ಪಿಸಿದರಾಯಿತು ಎಂದು ಮಾಟುಂಗಾದಲ್ಲೇ ಪಿ.ಜಿ., ಅಂದರೆ ಪೇಯಿಂಗ್ ಗೆಸ್ಟ್ ವಸತಿ, ಹಿಡಿಯುವ ಸಲಹೆ ಕೊಟ್ಟವಳು ನಾನೇ. ಹತ್ತೊಂಬತ್ತು ದಿನ ಇದ್ದು ವಾಪಸಾದಳು. ಒಂಬತ್ತು ಹುಡುಗಿಯರಿಗೆ ಒಂದು ಬಾತ್‌ರೂಮು, ಹೊರಗಿನಿಂದ ಬಾಗಿಲು ಬಡಿಯುವವರಿಗೆ ಅಪ್ಪನ ಪರಿಚಯವಿಲ್ಲ. ಮನೆಯಲ್ಲಿ ಅಷ್ಟರಲ್ಲಿ ವ್ಯವಸ್ಥೆ ಬದಲಾಗಿತ್ತು: ರಾತ್ರಿ ಹತ್ತೂವರೆಗೆ ಕೋಣೆ ಆಕೆಗೆ, ಅರ್ಧ ಗಂಟೆ ಯಾರೂ ಬಾಗಿಲು ತೆರೆಯುವಂತಿಲ್ಲ, ತಂದೆ ಟಿವಿಯ ಸದ್ದು ತಗ್ಗಿಸಿಕೊಂಡು ಹೊರಗೇ ಕೂರುತ್ತಾರೆ. ಗಾಡಿಯೇ ವಾಸಿ ಎಂದಳು.

ಮೂರನೆಯ ಸೆಮಿಸ್ಟರಿನಲ್ಲಿ ಭೌತಶಾಸ್ತ್ರದಲ್ಲಿ ಫೇಲಾಗಿ, ಅದನ್ನು ಬಾಕಿ ಉಳಿಸಿಕೊಂಡೇ ಮುಂದಕ್ಕೆ ಹೋಗುವ ಎ.ಟಿ.ಕೆ.ಟಿ. ಬಂತು, ಮುಂದಿನ ಸಲ ಪಾಸಾಯಿತು. ಆಹಾರದ ವಿಷಯದಲ್ಲಿ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಕಾಯಿಲೆ ಜೋರಾಗಿರುವಾಗ ನಾರು ಕಡಿಮೆಯಿರುವ ಮೆತ್ತಗಿನ ಊಟ ಹಿತ, ಉಳಿದಂತೆ ಎಲ್ಲ ರೋಗಿಗಳಿಗೂ ಒಗ್ಗುವ ಒಂದೇ ಪಥ್ಯವೆಂಬುದಿಲ್ಲ ಎಂದು ಆಸ್ಪತ್ರೆಯ ಆಹಾರತಜ್ಞೆ ಹೇಳಿದ್ದಾರೆ, ಅಜ್ಜಿ ಒಪ್ಪಿಲ್ಲ. ಮುಂದೆ ಗಂಡು ನೋಡುವಾಗ ಇದನ್ನು ಹೇಳಬೇಕೇ ಬೇಡವೇ ಎಂದು ತಾಯಿ ನನ್ನನ್ನು ಎರಡು ಸಲ ಕೇಳಿದ್ದಾರೆ. ಹೇಳಬೇಕು ಎಂದಿದ್ದೇನೆ. ಅವರು ತಲೆಯಾಡಿಸಿದ್ದು ಒಪ್ಪಿಗೆಗಲ್ಲ.

ನಂತರ

ಟಿ.ವೈ.ಯ, ಅಂದರೆ ಮೂರನೆಯ ವರ್ಷದ, ಆಗಸ್ಟಿನಲ್ಲಿ ಮತ್ತೆ ರಕ್ತ ಕಾಣಿಸಿತು. ಈ ಸಲ ಮೂರನೆಯ ದಿನಕ್ಕೇ ಆಸ್ಪತ್ರೆಯಲ್ಲಿದ್ದಳು. ಎನಿಮಾ ಮತ್ತು ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಷ್ಟರಲ್ಲೇ ಹತೋಟಿಗೆ ಬಂತು, ಸ್ಟೀರಾಯ್ಡು ಬೇಕಾಗಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಎರಡೂವರೆ ಗಂಟೆಯ ಪತ್ರಿಕೆಯ ನಡುವೆ ಎರಡು ಸಲ ಎದ್ದುಹೋಗಿ ಹದಿನಾಲ್ಕು ನಿಮಿಷ ಕಳೆದುಕೊಂಡಳು. ಹೆಚ್ಚುವರಿ ಕಾಲ ಯಾರೂ ಕೊಡಲಿಲ್ಲ, ಕೇಳುವ ನಿಯಮವೂ ಇರಲಿಲ್ಲ. ಪ್ರಥಮ ದರ್ಜೆ ಬಂತು. ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಕಾಯಿಲೆ ಆರಂಭವಾಗಿ ಎಂಟು ವರ್ಷವಾದ ಮೇಲೆ ಕರುಳಿನ ಕ್ಯಾನ್ಸರ್ ಕಾಣಿಸಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಲು ಕಾಲಕಾಲಕ್ಕೆ ಕೊಲೊನೊಸ್ಕೋಪಿ ಮಾಡಿಸುತ್ತಿರಬೇಕು ಎಂಬುದೂ ಆಕೆಯ ಡೈರಿಯಲ್ಲಿದೆ. ಆ ಎಂಟನೆಯ ವರ್ಷ ಯಾವುದೆಂದು ಗುರುತು ಹಾಕಿಟ್ಟುಕೊಂಡಿದ್ದಾಳೆ.

ಈ ಬರಹ ಓದಲು ಬಂದ ದಿನ ಬೀಗದಕೈಯನ್ನು ಹಿಂದಿರುಗಿಸಿದಳು, ಬುರುಡೆಯ ಸಮೇತ. ತಂದೆಯ ಕಾಗದ ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಪರ್ಸಿನಲ್ಲೇ ಇತ್ತು. ಮುಲುಂಡಿನ ಎದುರಿಗಿದ್ದ ಹೋಟೆಲು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದಿದೆಯಂತೆ. ಆ ಹೆಸರನ್ನು ಹೊಡೆದು, ಪಕ್ಕದ ಗಲ್ಲಿಯ ಇನ್ನೊಂದರ ಹೆಸರನ್ನು, ಎಪ್ಪತ್ತು ಹೆಜ್ಜೆ ಎಂಬ ಲೆಕ್ಕದೊಡನೆ, ತನ್ನ ಕೈಬರಹದಲ್ಲಿ ಸೇರಿಸಿದ್ದಳು.